ಬುಷ್ ಕಿರುಗುಟ್ಟಿದರೆ ಇಂಜಿನ್ ಆಯಿಲ್ ಬಿಡಬೇಡಿ

"ಹಂಪ್ ಹತ್ತುವಾಗ ಮುಂದಿನ ಚಕ್ರದ ಹತ್ತಿರ ಕಿರ್ ಕಿರ್ ಸದ್ದೇ? ಸ್ಟೆಬಿಲೈಸರ್ ಬಾರ್ ಬುಷ್‌ಗೆ ಹಳೆ ಇಂಜಿನ್ ಆಯಿಲ್ ಬಿಡಿ, ಖರ್ಚಿಲ್ಲ." ಈ ಸಂದೇಶ ನಮ್ಮ ಬದಿಯಡ್ಕ, ಪೆರ್ಲ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ. ಸ್ಟೆಬಿಲೈಸರ್ ಬಾರ್ ಅಂದರೆ ತಿರುವಿನಲ್ಲಿ ಕಾರು ವಾಲುವುದನ್ನು ಕಡಿಮೆ ಮಾಡುವ ಉಕ್ಕಿನ ಸರಳು; ಅದನ್ನು ಸುತ್ತಿ ಹಿಡಿದಿಡುವ ರಬ್ಬರ್ ತುಂಡೇ ಬುಷ್.

ಸದ್ದು ಎರಡು ದಿನ ನಿಲ್ಲುತ್ತದೆ, ನಿಜ. ಆದರೆ ನಮ್ಮ ತೋಟಗಳಲ್ಲಿ ಹಾಲು ಸುರಿಸುವ ಸಹಜ ರಬ್ಬರ್ ಇದೆಯಲ್ಲ, ಇಂಥ ಬುಷ್‌ಗಳನ್ನು ಹೆಚ್ಚಾಗಿ ಮಾಡುವುದು ಅದರಿಂದಲೇ; ಅದು ಇಂಜಿನ್ ಆಯಿಲ್‌ನಂಥ ಪೆಟ್ರೋಲಿಯಂ ಎಣ್ಣೆಯನ್ನು ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ನಾನು ಬಿಚ್ಚಿದ ಅಂಥದ್ದೊಂದು ಬುಷ್‌ಗೆ ಉಗುರು ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು. ಒಳಗಿನ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು.

ಹೊಸತು ಕೊಳ್ಳುವಾಗ ಕಾರಿನ ಹೆಸರು ಹೇಳಿದರೆ ಸಾಲದು. ಒಂದೇ ಕಾರಿನಲ್ಲೂ ಮಾಡೆಲ್ ನೋಡಿಕೊಂಡು ಬಾರ್‌ನ ದಪ್ಪ ಬೇರೆ ಇರಬಹುದು. ಬುಷ್ ಕೂರುವ ಜಾಗದಲ್ಲೇ ವರ್ನಿಯರ್ ಹಿಡಿದು ಅಳೆಯಿರಿ. 22 ಮಿ.ಮೀ. ಬಾರ್‌ಗೆ 24ರ ಬುಷ್ ಹಾಕಿದರೆ ಹೊಂಡ ಸಿಕ್ಕಲ್ಲೆಲ್ಲ ಲೊಟಲೊಟ. ಎರಡೂ ಬದಿ ಒಟ್ಟಿಗೇ ಬದಲಿಸಿ. ಬಾರ್‌ನ ತುಕ್ಕು ಉಜ್ಜಿ ತೆಗೆದರೆ ರಬ್ಬರ್ ಬುಷ್ ಕೂರಿಸಲು ಸಾಬೂನು ನೀರು ಸಾಕು. ಪಾಲಿಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಬುಷ್ ಆದರೆ ಸಿಲಿಕೋನ್ ಗ್ರೀಸ್ ಹಚ್ಚಿ. ಬೋಲ್ಟ್ ಕೊನೆಯದಾಗಿ ಬಿಗಿಯುವುದು ಚಕ್ರಗಳು ನೆಲಕ್ಕೆ ಊರಿದ ಮೇಲೆ, ಜಾಕ್ ಮೇಲಿರುವಾಗ ಅಲ್ಲ.