ಶಾಲು ಹೊದಿಸಿದವರು ಬಟ್ಟಲು ಕೊಳ್ಳಲಿಲ್ಲ

ಮೊನ್ನೆ ಕೊಪ್ಪಳದಲ್ಲಿ ಒಂದು ಮೇಳದಲ್ಲಿ ನಮ್ಮ ಕಾಕಾನಿಗೆ ಸನ್ಮಾನ ಆಯಿತು. ಯಾವ ಮೇಳ, ಯಾರು ಮಾಡಿದ್ದು ಅಂತ ಹೇಳುವುದಿಲ್ಲ, ಒಬ್ಬರ ಮೇಲೆ ಹಾಕಿ ಮುಗಿಯುವ ಮಾತಲ್ಲ ಇದು. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೊ. ಕಾಕಾ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಕೂತು ಮರ ಕಡೆದು ತೋರಿಸಿದರು. ತಾವು ಕಡೆದ ಹನ್ನೊಂದು ಮರದ ಬಟ್ಟಲು ಒಯ್ದಿದ್ದರು, ಹತ್ತು ವಾಪಸ್ ಬಂದವು. ಹೋದ ಒಂದೂ ಚೌಕಾಸಿ ಮಾಡಿ ಅರ್ಧ ರೇಟಿಗೆ ಹೋಯಿತು. ಆ ದಿನದ ಕೂಲಿ ಅಂತ ಯಾರೂ ಏನೂ ಕೊಡಲಿಲ್ಲ, ಬಾಯಿಬಿಟ್ಟು ಕೇಳೋಕೆ ಕಾಕಾನಿಗೆ ಸಂಕೋಚ. ಅವತ್ತಿನಿಂದ ನನಗೆ ಹೊಟ್ಟೆಯಲ್ಲಿ ಒಂಥರಾ ಸಂಕಟ.

ನಾವು ಬಡಿಗೇರ ಮನೆಯವರು. ಕೂರಿಗೆ, ಬಾಗಿಲು ಮಾಡುವವರು ನಮ್ಮಲ್ಲೇ ಬೇರೆ ಇದ್ದರು, ನಮ್ಮ ಮುತ್ಯಾನ, ಅಂದರೆ ಅಜ್ಜನ, ಕೈ ಮಾತ್ರ ಕಡೆಯುವ ಕೆಲಸಕ್ಕೆ ಹದವಾಗಿತ್ತು. ತೊಟ್ಟಿಲ ಕಾಲು, ಲಟ್ಟಣಿಗೆ, ಕಡಗೋಲು, ಬುಗುರಿ, ಬಟ್ಟಲು. ಮಜ್ಜಿಗೆಗೂ ಮರಕ್ಕೂ ನಾವು 'ಕಡೆಯೋದು' ಅಂತ ಒಂದೇ ಮಾತು ಹೇಳುತ್ತೇವೆ ಅಲ್ವಾ? ನೋಡಿದವರಿಗೆ ಯಾಕೆ ಅಂತ ತಕ್ಷಣ ಗೊತ್ತಾಗುತ್ತದೆ. ಅವ್ವ ಕಡಗೋಲಿಗೆ ಹಗ್ಗ ಸುತ್ತಿ ಹೇಗೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಎಳೆಯುತ್ತಿದ್ದಳೋ ಹಾಗೇ ಮುತ್ಯಾ ಕಡೆಯುವ ಮರಕ್ಕೂ ಹಗ್ಗ ಸುತ್ತಿರುತ್ತಿತ್ತು, ಒಬ್ಬರು ಎಳೆಯಬೇಕು, ಇನ್ನೊಬ್ಬರು ಉಳಿ ಹಿಡಿಯಬೇಕು. ಎಂಟು ವರ್ಷದವನಿದ್ದಾಗ ಶಾಲೆ ಬಿಟ್ಟ ಮೇಲೆ ಎಳೆಯುವವನು ನಾನೇ.

ಆ ಕೆಲಸದಲ್ಲಿ ಅರ್ಧ ಸುತ್ತು ಮಾತ್ರ ನಿಮ್ಮದು. ಮರ ಉಳಿಯ ಕಡೆಗೆ ತಿರುಗುವಾಗಷ್ಟೇ ಸಿಪ್ಪೆ ಏಳುತ್ತದೆ. ಹಿಂದಕ್ಕೆ ತಿರುಗುವಾಗ ಮುತ್ಯಾ ಉಳಿಯನ್ನು ಕೂದಲೆಳೆಯಷ್ಟು ಹಿಂದೆ ತೆಗೆಯುತ್ತಿದ್ದ. ಕಣ್ಣಿಗೆ ಕಾಣದಷ್ಟು ಸಣ್ಣ ಚಲನೆ, ಅದು ದಿನಕ್ಕೆ ಸಾವಿರಾರು ಸಲ. "ತಮ್ಮಾ, ಹಗ್ಗ ಸಡ್ಲ ಬಿಡಬ್ಯಾಡ" ಅನ್ನುತ್ತಿದ್ದ. ಒಂದು ಸಂಜೆ ನಾನು ಬಿಟ್ಟೆ. ಬೀದಿಯಲ್ಲಿ ಹುಡುಗರು ಕೂಗಿದರು, ಕತ್ತು ಆ ಕಡೆ ಹೊರಳಿತು, ಹಗ್ಗ ಸಡಿಲಾಯಿತು. ಉಳಿ ಕಚ್ಚಿಕೊಂಡು ಬಟ್ಟಲಿನ ಅಂಚು ಚಕ್ಕೆ ಹಾರಿತು. ಅದು ಮುಗಿಯುವ ಹಂತಕ್ಕೆ ಬಂದಿದ್ದ ಬಟ್ಟಲು. ಮುತ್ಯಾ ಬೈಯಲಿಲ್ಲ. ಎತ್ತಿ ತಿರುಗಿಸಿ ನೋಡಿ, ಒಲೆಯ ಪಕ್ಕ ಕಟ್ಟಿಗೆಯ ಜೊತೆ ಇಟ್ಟು, ಇನ್ನೊಂದು ತುಂಡಿಗೆ ಬಾಚಿ ಹಾಕಿದ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಲಟ್ಟಣಿಗೆ ಸುಲಭ, ಎರಡೂ ತುದಿ ಸಿಕ್ಕಿಸಿ ಹೊರಗೆ ಕೆತ್ತಿದರೆ ಆಯಿತು. ಬಟ್ಟಲು ಹಾಗಲ್ಲ. ದಿಮ್ಮಿಯನ್ನು ಎರಡು ಸೀಳಾಗಿ ಒಡೆದು, ನಡುವಿನ ತಿರುಳು ಪೂರ್ತಿ ತೆಗೆಯಬೇಕು. ಅದು ಉಳಿದರೆ ಒಣಗುವಾಗ ಬಿರುಕು ಗ್ಯಾರಂಟಿ. ಒಳಗೆ ಕೆತ್ತೋಕೆ ನೇರ ಉಳಿ ಸಾಲದು, ಮೂತಿ ಬಾಗಿದ ಕೊಕ್ಕೆ ಉಳಿ ಬೇಕು. ಮುತ್ಯಾ ಅವನ್ನು ಕಮ್ಮಾರರ ಮುಂದೆ ಕೂತು ತನಗೆ ಬೇಕಾದ ಹಾಗೆ ಬಾಗಿಸಿಕೊಂಡು ಬರುತ್ತಿದ್ದ. ಮರ ಹಸಿ ಇದ್ದಾಗಲೇ ಕಡೆಯಬೇಕು, ಆಮೇಲೆ ನೆರಳಲ್ಲಿ ಸಿಪ್ಪೆಯೊಳಗೆ ಹೂತು, ಮೇಲೆ ಗೋಣಿಚೀಲ ಹೊದಿಸಿ ವಾರಗಟ್ಟಲೆ ಕಾಯಬೇಕು. ನಮ್ಮ ಕೊಪ್ಪಳದ ಬಿಸಿಲಿಗೆ ಹಸಿ ಬಟ್ಟಲು ಹೊರಗಿಟ್ಟರೆ ಸಂಜೆಯೊಳಗೆ ಸೀಳು ಬಿಡುತ್ತದೆ. ಬೇವಿನ ಮರ ಕಡೆದ ದಿನ ಪುಡಿ ಗಂಟಲಿಗೆ ಇಳಿದು ರಾತ್ರಿ ಉಂಡ ಅನ್ನವೂ ಕಹಿ. ಬೆನ್ನು, ಮೊಣಕಾಲು, ಕಣ್ಣು, ಈ ಮೂರೂ ಅರವತ್ತರ ಹೊತ್ತಿಗೆ ಕೈಕೊಡುತ್ತವೆ.

"ಒಂದು ಬಟ್ಟಲಿಗೆ ಇಷ್ಟಾ?" ಅಂತ ಕೇಳುವವರಿಗೆ ಈ ಕಾಯುವ ವಾರಗಳು ಕಾಣುವುದಿಲ್ಲ. ಒಡೆದು ಒಲೆಗೆ ಹೋದವೂ ಕಾಣುವುದಿಲ್ಲ.

ಇಂಗ್ಲೆಂಡಿನಲ್ಲಿ ಜಾರ್ಜ್ ಲೈಲಿ ಅಂತ ಒಬ್ಬರಿದ್ದರು, 1869ರಲ್ಲಿ ಹುಟ್ಟಿ 1958ರಲ್ಲಿ ತೀರಿಕೊಂಡರು. ಬಕಲ್‌ಬರಿ ಅನ್ನುವ ಊರಿನ ಹತ್ತಿರ ಒಂದು ಗುಡಿಸಲಲ್ಲಿ ಜೀವನಪೂರ್ತಿ ಬಟ್ಟಲು ಕಡೆದವರು, ಅವರ ತಂದೆ, ತಾತನ ಕಸುಬೂ ಅದೇ. ಅಲ್ಲಿ ಹಗ್ಗ ಎಳೆಯೋಕೆ ಹುಡುಗ ಇಲ್ಲ. ಮೇಲೆ ಬಾಗುವ ಒಂದು ಗಳ, ಕೆಳಗೆ ಕಾಲಲ್ಲಿ ತುಳಿಯುವ ಹಲಗೆ, ನಡುವೆ ಹಗ್ಗ. ತುಳಿದರೆ ಮರ ಮುಂದಕ್ಕೆ, ಬಿಟ್ಟರೆ ಗಳ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅದೇ ಅರ್ಧ ಸುತ್ತಿನ ಲೆಕ್ಕ! ಒಂದೇ ತುಂಡಿನಿಂದ ಒಂದರೊಳಗೊಂದು ಕೂರುವ ಹಾಗೆ ಬಟ್ಟಲು ತೆಗೆಯುತ್ತಿದ್ದರು. ಅವರು ಬದುಕಿದ್ದಾಗಲೇ ಹೆಸರಾಗಿದ್ದರು, ಜನ ಹುಡುಕಿಕೊಂಡು ಬಂದು ನೋಡಿ, ಬರೆದು ಹೋಗುತ್ತಿದ್ದರು. ಆದರೂ ಕಸುಬು ಮುಂದುವರಿಸುವವರು ಒಬ್ಬರೂ ಇರಲಿಲ್ಲ. ಅವರು ಕಡೆಯುತ್ತಿದ್ದ ಯಂತ್ರ ಈಗ ರೆಡಿಂಗ್ ಊರಿನ ಮ್ಯೂಸಿಯಂನಲ್ಲಿದೆ. ಎಷ್ಟೋ ವರ್ಷಗಳ ಮೇಲೆ ರಾಬಿನ್ ವುಡ್ ಅನ್ನುವವರು ಅದನ್ನೂ ಆ ಉಳಿಗಳನ್ನೂ ನೋಡಿ ನೋಡಿ, ತಾವೇ ಕಲಿತು, ಅದರಲ್ಲೇ ಜೀವನ ಮಾಡಿದರು. ಸಾಧ್ಯ ಆಗಿದ್ದು ಯಾಕೆ ಗೊತ್ತಾ? ಅವರು ಮಾಡಿದ್ದು ಊಟದ ಬಟ್ಟಲು, ಜನ ಕೊಂಡು ದಿನಾ ಅದರಲ್ಲಿ ಉಂಡರು.

ನಾನು ಹೇಳಬೇಕು ಅಂದುಕೊಂಡಿದ್ದು ಇಷ್ಟೇ. ಕಸುಬು ಉಳಿಯೋದು ಬಳಸುವವರಿಂದ. ನಮ್ಮ ಪಕ್ಕದ ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ, ನನಗೆ ಅದು ನಿಜವಾಗಿ ಹೆಮ್ಮೆ. ಗೊಂಬೆ ಶೋಕೇಸಿನಲ್ಲಿ ಇದ್ದರೂ ನಡೆಯುತ್ತದೆ. ಬಟ್ಟಲು ಶೋಕೇಸ್ ಸೇರಿದರೆ ಒಬ್ಬರ ಮನೆಗೆ ಒಂದು ಸಾಕು, ಜನ್ಮದಲ್ಲಿ ಒಮ್ಮೆ ಕೊಂಡರೆ ಮುಗಿಯಿತು. ಕೇಂದ್ರ ಸರ್ಕಾರದ ವಿಶ್ವಕರ್ಮ ಯೋಜನೆ 2023ರಲ್ಲಿ ಬಂತು, 18 ಕಸುಬುಗಳಿಗೆ. ಬಡಿಗರು ಇದ್ದಾರೆ, ಗೊಂಬೆ ಮಾಡುವವರು ಇದ್ದಾರೆ, ಕಡೆಯುವವರು ಅಂತ ಬೇರೆ ಇಲ್ಲ. ಬಡಿಗ ಅಂತಲೇ ಬರೆಸಿಕೊಂಡರೆ ಹತಾರಕ್ಕೆ 15,000 ರೂಪಾಯಿ ನೆರವು ಇದೆ. ಒಳ್ಳೆಯದೇ. ಆದರೆ ಕಾಕಾನ ಹತ್ತಿರ ಹತಾರ ಇದೆ, ಈಗ ಹಗ್ಗದ ಬದಲು ಮೋಟರೂ ಇದೆ. ಇಲ್ಲದ್ದು ಗಿರಾಕಿ.

ಮುತ್ಯಾನ ಕಾಲದಲ್ಲಿ ಸುಗ್ಗಿಗೆ ರೈತರು ಕೆಲಸದ ಕೂಲಿಯಾಗಿ, ಆಯ ಅಂತ, ಜೋಳ ಅಳೆದು ಕೊಡುತ್ತಿದ್ದರು. ಆ ಕಾಲ ಚಂದ ಇತ್ತು ಅಂತ ನಾನು ಹೇಳುವುದಿಲ್ಲ, ಕಣದ ಅಂಚಲ್ಲಿ ಮುತ್ಯಾ ಚೀಲ ಹಿಡಿದು ನಿಂತು ಕಾಯುವುದನ್ನು ನಾನೇ ನೋಡಿದ್ದೇನೆ. ಆದರೆ ಅವನು ಮಾಡಿದ ಸಾಮಾನು ಪ್ರತಿ ಮನೆಯಲ್ಲೂ ದಿನಾ ಕೈಗೆ ಬರುತ್ತಿತ್ತು. ಸವೆದರೆ ಇನ್ನೊಂದು ಮಾಡಿಸುತ್ತಿದ್ದರು.

ನಮ್ಮ ಮನೆಯಲ್ಲಿ ಈಗಲೂ ಶೇಂಗಾ ಚಟ್ನಿಪುಡಿ ಇರುವುದು ಮುತ್ಯಾ ಕಡೆದ ಬಟ್ಟಲಲ್ಲಿ. ಎಣ್ಣೆ ಕುಡಿದು ಕಪ್ಪಾಗಿದೆ, ಅಂಚು ಬೆರಳು ತಾಗಿ ತಾಗಿ ನುಣ್ಣಗಾಗಿದೆ. ಸೋಪಿನ ನೀರಲ್ಲಿ ನೆನೆಹಾಕಬಾರದು, ತೊಳೆದು ಒರೆಸಿ ಆಗಾಗ ಎಣ್ಣೆ ಸವರಬೇಕು, ಅಷ್ಟೇ ಅದರ ಆರೈಕೆ.

ಕಾಕಾ ಈ ಸಲ ಗವಿಮಠದ ಜಾತ್ರೆಗೆ ಅಂಗಡಿ ಹಾಕುತ್ತಾರೆ. ಹದಿನಾಲ್ಕು ಬಟ್ಟಲು ಗೋಣಿಚೀಲದ ಕೆಳಗೆ ಒಣಗುತ್ತಿವೆ. ಬೇರೆ ಅಳತೆಯದು ಬೇಕಾದವರು ಈಗಲೇ ನನಗೆ ಮೆಸೇಜ್ ಮಾಡಿ, ಮರ ಒಣಗೋಕೆ ಟೈಮ್ ಬೇಕು. ಅವರು ಹೇಳಿದ ರೇಟಿಗೆ ಕೊಳ್ಳಿ.