ಬಿಸಿಲಿದ್ದಾಗ ಹುಲ್ಲು, ಗಾಳಿ ಬಂದಾಗ ರಾಗಿ

ಮೊನ್ನೆ ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಪಕ್ಷ ಬಿಟ್ಟು ಪಕ್ಷಕ್ಕೆ ಹಾರಿದ ಮುಖಂಡನೊಬ್ಬನ ಫೋಟೋ ಹಾಕಿ "ಗಾಳಿ ಬಂದಾಗ ತೂರಿಕೊಂಡ ನೋಡಿ, ಜಾಣ" ಅಂತ ಬರೆದಿದ್ದರು. ಅದರ ಕೆಳಗೆ ಇನ್ನೊಬ್ಬರು "ಮೇಕ್ ಹೇ ವೈಲ್ ದ ಸನ್ ಶೈನ್ಸ್" ಅಂತ ಸೇರಿಸಿದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವತ್ತಿನಿಂದ ಇದು ತಲೆ ಕೊರೆಯುತ್ತಿದೆ, ಬರೆದೇ ಬಿಡೋಣ ಅಂತ ಕೂತೆ.

ಶಾಲೆಯಲ್ಲಿ ಈ ಎರಡೂ ಗಾದೆಗಳನ್ನು ಜೋಡಿ ಮಾಡಿ ಕಲಿಸುತ್ತಾರೆ, ನಿಮಗೂ ನೆನಪಿರಬಹುದು. ಬಿಸಿಲಿದ್ದಾಗಲೇ ಹುಲ್ಲು ಒಣಗಿಸಿಕೋ ಅನ್ನುವ ಇಂಗ್ಲಿಷಿನದ್ದು ಎಡಕ್ಕೆ, 'ಗಾಳಿ ಬಂದಾಗ ತೂರಿಕೋ' ಅನ್ನುವ ಕನ್ನಡದ್ದು ಬಲಕ್ಕೆ, ನಡುವೆ ಒಂದು ಗೆರೆ. ಬಾಯಿಪಾಠ ಮಾಡಿ ನಾವೂ ಅಂಕ ತೆಗೆದುಕೊಂಡೆವು. ಆದರೆ ಹುಲ್ಲಿಗೂ ಬಿಸಿಲಿಗೂ ಏನು ಅಂಥ ಅವಸರ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದು ನನಗೆ ಗೊತ್ತಾಗಿದ್ದು ಇಂಗ್ಲೆಂಡಿಗೆ ಬಂದು, ಶ್ರಾಪ್‌ಶೈರ್ ಕಡೆಯ ಈ ಹಳ್ಳಿಯಲ್ಲಿ ಮನೆ ಮಾಡಿದ ಮೇಲೆ. ನಮ್ಮ ಬೇಲಿಯಾಚೆ ಹುಲ್ಲುಗಾವಲು. ವಯಸ್ಸಾದ ರೈತರೊಬ್ಬರದ್ದು. ದನ, ಕುರಿ ಸಾಕಿದ್ದಾರೆ.

'ಹೇ' ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಭತ್ತದ ಹುಲ್ಲಿನ ಬಣವೆ. ಅಲ್ಲೇ ತಪ್ಪುವುದು. ಭತ್ತದ ಹುಲ್ಲು, ರಾಗಿ ಹುಲ್ಲು ಎಲ್ಲ ಕಾಳು ತೆಗೆದ ಮೇಲೆ ಉಳಿಯುವಂಥದ್ದು, ಅದಕ್ಕೆ ಇವರು 'ಸ್ಟ್ರಾ' ಅನ್ನುತ್ತಾರೆ. ಹೇ ಬೇರೆ. ಅಲ್ಲಿ ಹುಲ್ಲೇ ಬೆಳೆ. ಬೀಜ ಕಟ್ಟಿ ಕಡ್ಡಿಯಾಗುವುದಕ್ಕೆ ಮುಂಚೆ, ಹಸಿಯಿರುವಾಗಲೇ ಕೊಯ್ದು, ನೆಲದ ಮೇಲೆ ಹರಡಿ ಒಣಗಿಸಬೇಕು. ಕೊಯ್ದ ಹೊತ್ತಿನಲ್ಲಿ ಅದರ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಅದು ಶೇ. 20ಕ್ಕಿಂತ ಕೆಳಗೆ ಇಳಿಯಬೇಕು. ಅದಕ್ಕೆ ಮೂರ್ನಾಲ್ಕು ದಿನ ಒಳ್ಳೆಯ ಬಿಸಿಲು ಬೇಕು, ಒಂದರ ಹಿಂದೆ ಒಂದು. ಇಂಗ್ಲೆಂಡಿನಲ್ಲಿ ಇದ್ದವರಿಗೆ ಗೊತ್ತು, ಜೂನ್ ಜುಲೈನಲ್ಲೂ ಹಾಗೆ ಮೂರು ದಿನ ಬಿಸಿಲು ಸಿಕ್ಕರೆ ಹಬ್ಬ. ಜುಲೈ 15ಕ್ಕೆ ಸೇಂಟ್ ಸ್ವಿದಿನ್ ದಿನ ಅಂತ ಇದೆ ಇಲ್ಲಿ. ಅವತ್ತು ಮಳೆ ಬಿದ್ದರೆ ಮುಂದೆ 40 ದಿನ ಮಳೆ ಬಿಡುವುದಿಲ್ಲ ಅನ್ನುವ ಹಳೆಯ ನಂಬಿಕೆ, ನಮ್ಮಲ್ಲಿ ಮಳೆ ನಕ್ಷತ್ರಗಳ ಬಗ್ಗೆ ಹೇಳುತ್ತಾರಲ್ಲ, ಹಾಗೆಯೇ.

ಟ್ರ್ಯಾಕ್ಟರ್ ಇಲ್ಲದ ಕಾಲವನ್ನು ಸುಮ್ನೆ ನೆನೆಸಿಕೊಳ್ಳಿ. ಉದ್ದ ಹಿಡಿಯ ದೊಡ್ಡ ಕುಡುಗೋಲು ಹಿಡಿದು ಗಂಡಸರು ಸಾಲಾಗಿ ನಿಂತು ಬೆಳಗಿನ ಇಬ್ಬನಿಯಲ್ಲೇ ಕೊಯ್ಯಬೇಕು. ಹಿಂದೆಯೇ ಹೆಂಗಸರು ಮಕ್ಕಳು ಹಲ್ಲಿರುವ ಮರದ ಕೋಲಿನಿಂದ ಹುಲ್ಲನ್ನು ತಿರುವಿ ತಿರುವಿ ಹಾಕಬೇಕು. ಸಂಜೆ ಇಬ್ಬನಿ ಬೀಳುವ ಮೊದಲು ಚಿಕ್ಕ ಚಿಕ್ಕ ಗುಡ್ಡೆ ಮಾಡಬೇಕು, ಬೆಳಿಗ್ಗೆ ಮತ್ತೆ ಅದನ್ನೆಲ್ಲ ಹರಡಬೇಕು. ನಡುವೆ ಒಂದು ಮಳೆ ಬಂತೋ, ಹುಲ್ಲಿನ ಸಾರವೆಲ್ಲ ತೊಳೆದುಹೋಗುತ್ತದೆ, ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ದೂಳು ಕುಡಿದು ಶ್ವಾಸಕೋಶ ಕೆಡುವುದಕ್ಕೆ 'ಫಾರ್ಮರ್ಸ್ ಲಂಗ್' ಅಂತಲೇ ಹೆಸರಿದೆ.

ಅವಸರ ಮಾಡಿ ಹಸಿಹಸಿಯಾಗಿ ಬಣವೆ ಒಟ್ಟಿದರೋ, ಅದು ಇನ್ನೂ ಜಾಸ್ತಿ ಅಪಾಯ. ಒಳಗೇ ಕಾವು ಏರುತ್ತಾ ಹೋಗಿ, ಯಾರೂ ಕಡ್ಡಿ ಗೀರದೆ ತಾನೇ ಹೊತ್ತಿಕೊಂಡು ಉರಿದುಹೋಗಬಹುದು. ಅದಕ್ಕೆ ಹಿಂದೆ ಬಣವೆಯೊಳಕ್ಕೆ ಉದ್ದ ಕಬ್ಬಿಣದ ಸಲಾಕೆ ತೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು, ಕೈಯಲ್ಲಿ ಮುಟ್ಟಿ ಬಿಸಿ ನೋಡುತ್ತಿದ್ದರಂತೆ. ನಮ್ಮ ಪಕ್ಕದವರು ಈಗಲೂ ಕಟ್ಟುವ ಮುಂಚೆ ಒಂದು ಹಿಡಿ ಹುಲ್ಲು ತೆಗೆದುಕೊಂಡು ಎರಡೂ ಕೈಯಲ್ಲಿ ಬಟ್ಟೆ ಹಿಂಡಿದ ಹಾಗೆ ಹಿಂಡಿ, ಕಿವಿ ಹತ್ತಿರ ಹಿಡಿಯುತ್ತಾರೆ. ಚಟಪಟ ಅಂದರೆ ಆಯಿತು. ಸುಮ್ಮನೆ ಮೆತ್ತಗೆ ತಿರುಚಿಕೊಂಡರೆ ಇನ್ನೊಂದು ದಿನ. ಆ ಇನ್ನೊಂದು ದಿನ ಅಂದಾಗ ಅವರು ಪಡುವಣ ದಿಕ್ಕಿನ ಮೋಡ ನೋಡುವ ರೀತಿ ಇದೆಯಲ್ಲ, ಅದನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೆ. ನಮ್ಮ ತಾತನ ಮುಖದಲ್ಲಿ.

ಈ ಗಾದೆ ಅಚ್ಚಿನಲ್ಲಿ ಇದ್ದೇ 500 ವರ್ಷದ ಹತ್ತಿರ ಆಯಿತು. ಜಾನ್ ಹೇವುಡ್ ಅನ್ನುವವರು 1546ರಲ್ಲಿ ತಂದ ಗಾದೆಗಳ ಸಂಗ್ರಹದಲ್ಲಿ ಇದಿದೆ. ಹೊತ್ತು ಬಂದಾಗ ಹಿಡಿದುಕೋ, ಇಲ್ಲದಿದ್ದರೆ ಹೊತ್ತು ಕಳ್ಳನ ಹಾಗೆ ಜಾರಿಹೋಗುತ್ತದೆ ಅಂತ ಅದಕ್ಕೆ ಅವರೇ ಅರ್ಥವನ್ನೂ ಬಿಡಿಸಿದ್ದಾರೆ. ಆಮೇಲೆ ಅದೇ ಶತಮಾನ ಮುಗಿಯುವುದರೊಳಗೆ ಶೇಕ್ಸ್‌ಪಿಯರ್ ಇದೇ ಮಾತನ್ನು ಒಬ್ಬ ರಾಜನ ಬಾಯಲ್ಲಿ ಇಟ್ಟ. ಆರನೇ ಹೆನ್ರಿ ನಾಟಕದ ಮೂರನೇ ಭಾಗದಲ್ಲಿ ಎಡ್ವರ್ಡ್ ದೊರೆ ವೈರಿಯ ಮೇಲೆ ದಂಡು ಹೊರಡಿಸುವಾಗ ಬಿಸಿಲು ಚೆನ್ನಾಗಿದೆ, ತಡಮಾಡಿದರೆ ಚಳಿಗಾಲ ಬಂದು ಹುಲ್ಲು ಕೆಡಿಸುತ್ತದೆ ಅನ್ನುತ್ತಾನೆ. ಎದುರಾಳಿಯ ಸೇನೆ ಒಂದಾಗುವ ಮೊದಲೇ ಹೊಡೆಯಬೇಕು ಅನ್ನುವುದು ಲೆಕ್ಕ. ಹುಲ್ಲುಗಾವಲಿನ ಮಾತು ಗದ್ದುಗೆಯ ಮಾತಾಗಿ ಆಗಲೇ ಹೋಗಿತ್ತು ಅಂತಾಯಿತು.

ಈಗ ನಮ್ಮದಕ್ಕೆ ಬರುತ್ತೇನೆ. 'ತೂರು' ಅನ್ನುವುದಕ್ಕೆ ಕನ್ನಡದಲ್ಲಿ ಎರಡು ಅರ್ಥ ಇದೆ. ಹೊಟ್ಟು ಹಾರಿಹೋಗಲಿ ಅಂತ ಮೊರದಲ್ಲಿ ಕಾಳು ಎತ್ತಿ ಗಾಳಿಗೆ ಬಿಡುವುದು ಒಂದು. ಸಂದಿಯಲ್ಲಿ ನುಸುಳುವುದು, ಜನರ ನಡುವೆ ತೂರಿಕೊಂಡು ಹೋಗುತ್ತೇವಲ್ಲ, ಅದು ಇನ್ನೊಂದು. ಗಾದೆಯಲ್ಲಿರುವುದು ಮೊದಲನೆಯದು. ಆದರೆ ಒಕ್ಕಣೆ ಮಾಡುವ ಕಣ ನೋಡದೆ ಬೆಳೆದವರು ಎರಡನೆಯದನ್ನೇ ಹಿಡಿದುಕೊಂಡಿದ್ದಾರೆ ಅಂತ ನನಗೆ ಈಚೆಗೆ ಗಟ್ಟಿಯಾಗಿ ಅನ್ನಿಸುತ್ತಿದೆ. ಗಾಳಿ ಬೀಸಿತು, ಬಾಗಿಲು ತೆರೆಯಿತು, ಒಳಗೆ ನುಗ್ಗಿದ! ಆ ವಾಟ್ಸಾಪ್ ಮೆಸೇಜಿನಲ್ಲಿ ಇದ್ದಿದ್ದು ಇದೇ ಅರ್ಥ ಅಲ್ವಾ? ಅವರನ್ನು ಬೈದು ಏನು ಪ್ರಯೋಜನ, ಕಣವೇ ಇಲ್ಲವಲ್ಲ. ಈಗ ಊರಲ್ಲಿ ಒಕ್ಕಣೆ ಮೆಷಿನ್ ಬಂದಿದೆ, ಇಲ್ಲದ ಕಡೆ ಡಾಂಬರು ರಸ್ತೆ ಮೇಲೆ ಹುರುಳಿ, ರಾಗಿ ಹರವಿ ಬಸ್ಸು ಲಾರಿಗಳಿಂದಲೇ ತುಳಿಸುತ್ತಾರೆ.

ನಮ್ಮೂರು ಗುಬ್ಬಿ ತಾಲ್ಲೂಕು. ರಾಗಿ ಮೆದೆ ಕಿತ್ತು, ಸಗಣಿ ಹಾಕಿ ಸಾರಿಸಿದ ಕಣದಲ್ಲಿ ಹರಡಿ, ಕಾಳು ಉದುರಿಸುವ ಉರುಳೆ ಕಲ್ಲು, ಅದೇ ರೋಣುಗಲ್ಲು, ಹೊಡೆದ ಮೇಲೆ ತಾತ ಮನೆಗೆ ಬರುತ್ತಿರಲಿಲ್ಲ. ಕಂಬಳಿ ಹೊದ್ದು ರಾಶಿಯ ಪಕ್ಕದಲ್ಲೇ ಮಲಗುತ್ತಿದ್ದರು. ಒಂದು ಸಲ ಎರಡು ದಿನ ಎಲೆ ಅಲ್ಲಾಡಲಿಲ್ಲ. ಮೂರನೇ ರಾತ್ರಿ, ಇನ್ನೂ ಕೋಳಿ ಕೂಗಿರಲಿಲ್ಲ, "ಏಳ್ರೋ, ಗಾಳಿ ಬಂತು!" ಅಂತ ತಾತ ಕೂಗಿದ್ದು ಈಗಲೂ ಕಿವಿಯಲ್ಲಿದೆ. ಅಜ್ಜಿ, ಅವ್ವ, ದೊಡ್ಡಪ್ಪ, ಪಕ್ಕದ ಮನೆಯ ಇಬ್ಬರು, ಎಲ್ಲರೂ ನಿದ್ದೆಗಣ್ಣಲ್ಲೇ ಮೊರ ಹಿಡಿದು ಓಡಿದರು. ಮೊರ ಎತ್ತರಕ್ಕೆ ಹಿಡಿದು ಅಲ್ಲಾಡಿಸುತ್ತಾ ಬಿಟ್ಟರೆ ರಾಗಿ ಸರ್ರನೆ ಕಾಲ ಬುಡಕ್ಕೆ, ಹೊಟ್ಟು ಮಂಜಿನ ಹಾಗೆ ಆಚೆಗೆ. ಕತ್ತಿನ ತುಂಬ ನವೆ. ನಡುವೆ ಗಾಳಿ ನಿಂತರೆ ಎಲ್ಲರೂ ಮೊರವನ್ನು ಎದೆಗವಚಿಕೊಂಡು ಸುಮ್ಮನೆ ನಿಲ್ಲುತ್ತಿದ್ದರು, ಮಾತೇ ಇಲ್ಲ.

ಇದರಲ್ಲಿ ಜಾಣತನದ ಮಾತು ಎಲ್ಲಿದೆ ಹೇಳಿ. ಗಾಳಿ ನಮ್ಮ ಕಣಕ್ಕೆ ಮಾತ್ರ ಬರಲಿಲ್ಲ, ಊರಿನ ಎಲ್ಲ ಕಣಕ್ಕೂ ಬಂತು. ಯಾರದ್ದನ್ನೂ ಯಾರೂ ಕಿತ್ತುಕೊಳ್ಳಲಿಲ್ಲ. ಬೆಳೆಸಿ, ಕೊಯ್ದು, ಒಕ್ಕಿ, ರಾಶಿ ಮಾಡಿಟ್ಟವನು ಮಾತ್ರ ತೂರಬಲ್ಲ. ರಾಶಿಯೇ ಇಲ್ಲದವನಿಗೆ ಎಷ್ಟು ಗಾಳಿ ಬಂದರೇನು? ಇಲ್ಲಿಯ ಹುಲ್ಲಿನ ಕಥೆಯೂ ಅಷ್ಟೇ. ಅದು ಚಳಿಗಾಲದಲ್ಲಿ ಕೊಟ್ಟಿಗೆಯ ದನಕ್ಕೆ ಅಂತ ಎತ್ತಿಡುವ ಮೇವು. ಆರು ತಿಂಗಳು ಆಚೆಗೆ ಮೂಕಪ್ರಾಣಿಯ ಹೊಟ್ಟೆ ನೆನೆಸಿಕೊಂಡು ಬಿಸಿಲಲ್ಲಿ ಬೆನ್ನು ಸುಟ್ಟುಕೊಳ್ಳುವವರ ಮಾತನ್ನು, ಕುರ್ಚಿಗಾಗಿ ಹಾರುವವರಿಗೆ ಬಿರುದಿನ ಹಾಗೆ ಕೊಡುವುದು ನನಗೆ ನಿಜವಾಗಿ ನೋವು ತರುತ್ತದೆ.

ಇಲ್ಲೂ ಆ ಕೆಲಸ ಕಡಿಮೆಯಾಗುತ್ತಾ ಬಂದಿದೆ. ಹುಲ್ಲನ್ನು ಅರೆಹಸಿಯಲ್ಲೇ ಪ್ಲಾಸ್ಟಿಕ್ ಸುತ್ತಿ ಹುಳಿ ಬರಿಸುವ ಸೈಲೇಜ್ ಬಂದ ಮೇಲೆ ಅಷ್ಟು ಬಿಸಿಲು ಕಾಯಬೇಕಿಲ್ಲ. ಹೂವು ತುಂಬಿದ ಹಳೆಯ ಹುಲ್ಲುಗಾವಲುಗಳಂತೂ ಇಂಗ್ಲೆಂಡ್, ವೇಲ್ಸ್‌ನಲ್ಲಿ 1930ರ ದಶಕದಿಂದ 1984ರೊಳಗೆ ಶೇ. 97ರಷ್ಟು ಹೋಗಿಬಿಟ್ಟವು.

ಹೋದ ವರ್ಷ ಹುಲ್ಲು ಕಟ್ಟಿ ಮುಗಿದ ಸಂಜೆ ಬೇಲಿ ಹತ್ತಿರ ನಿಂತು ಪಕ್ಕದವರಿಗೆ ನಮ್ಮ ಗಾದೆ ಹೇಳಿದೆ. ಮೊರ ಹೇಗಿರುತ್ತದೆ ಅಂತ ಕೈಯಲ್ಲೇ ತೋರಿಸಿದೆ. ಅವರು ಗಾದೆಯ ಅರ್ಥ ಕೇಳಲೇ ಇಲ್ಲ. ಗಾಳಿ ಯಾವ ದಿಕ್ಕಿನಿಂದ ಬರುತ್ತಿತ್ತು, ಎಷ್ಟು ಹೊತ್ತು ನಿಲ್ಲುತ್ತಿತ್ತು, ನಡುವೆ ನಿಂತುಹೋದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದರು. ಕಾಯುತ್ತಿದ್ದೆವು ಅಂದೆ. ಅವರು ತಲೆಯಾಡಿಸಿ, ಒಮ್ಮೆ ಪಡುವಣದ ಕಡೆ ನೋಡಿ, ದನಗಳಿಗೆ ನೀರು ಬಿಡಲು ಹೋದರು.