ಕೇರಿಯವರ ದುರ್ಗೆ, ಸರ್ಕಾರದ ದಸರೆ

ದುರ್ಗಾಷ್ಟಮಿಯ ಮಧ್ಯಾಹ್ನ ಉತ್ತರ ಕೋಲ್ಕತ್ತದ ಶೋಭಾಬಜಾರಿನ ಇಕ್ಕಟ್ಟಾದ ಗಲ್ಲಿಯಲ್ಲಿ, ಒಂದು ಪೆಂಡಾಲಿನ ಮುಂದೆ ನಾನೂ ಧಾರವಾಡದ ಗೆಳೆಯನೂ ನಿಂತಿದ್ದೆವು. ಬಾಗಿಲಲ್ಲಿ ಕುಳಿತಿದ್ದ ಹಿರಿಯರೊಬ್ಬರು ಊಟವಾಯಿತೇ ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲವೆಂದೆವು. ಮರುಮಾತಿಲ್ಲದೆ ಪಂಕ್ತಿಯಲ್ಲಿ ಕೂರಿಸಿಬಿಟ್ಟರು. ಎಲೆಯ ತಟ್ಟೆಗೆ ಹಬೆಯಾಡುವ ಖಿಚುಡಿ ಬಿತ್ತು, ಅದರ ಪಕ್ಕಕ್ಕೆ ಬದನೆ, ಕುಂಬಳ ಬೆಂದು ಬೆರೆತ ಪಲ್ಯ, ಟೊಮೆಟೊದ ಸಿಹಿ ಚಟ್ನಿ, ಕೊನೆಗೆ ಪಾಯಸ. ಯಾವ ಊರಿನವರು ಎಂದು ವಿಚಾರಿಸಿದ್ದು ನಾವು ಕೈ ತೊಳೆದ ಮೇಲೆ. ಮೈಸೂರು ಎಂದೆ. ಅವರ ಮುಖ ಅರಳಿತು. "ಆನೆ, ಅಂಬಾರಿ! ಅಷ್ಟು ದೊಡ್ಡ ದಸರಾ ಬಿಟ್ಟು ಇಲ್ಲಿಗೆ ಬಂದಿರಾ?"

ಆ ಪ್ರಶ್ನೆ ಚುಚ್ಚಿತು. ನೌಕರಿ ಭುವನೇಶ್ವರದಲ್ಲಿ, ಇದ್ದ ರಜೆಯಲ್ಲಿ ಮೈಸೂರಿಗೆ ಹೋಗಿ ಬರಲಾಗುವುದಿಲ್ಲ, ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಹೌರಾ. ಅವರಿಗೆ ಹೇಳಿದ್ದು ಇಷ್ಟೇ. ಹೇಳದೆ ಉಳಿದದ್ದು ಬೇರೆ ಇತ್ತು.

ಹಿಂದೊಮ್ಮೆ ವಿಜಯದಶಮಿಗೆ ಊರಿಗೆ ಹೋದಾಗ ಅಕ್ಕನ ಮಗನನ್ನು ಕರೆದುಕೊಂಡು ಬೆಳಿಗ್ಗೆಯೇ ಸಯ್ಯಾಜಿರಾವ್ ರಸ್ತೆಯಲ್ಲಿ ಜಾಗ ಹಿಡಿದಿದ್ದೆ. ಅಂಬಾರಿಯ ತೂಕ 750 ಕಿಲೋ ಎಂದು ಹುಡುಗ ದಾರಿಯುದ್ದಕ್ಕೂ ಬಾಯಿಪಾಠ ಒಪ್ಪಿಸಿದ್ದ. ಸಂಜೆ ಹೊತ್ತಿಗೆ ಬ್ಯಾರಿಕೇಡಿನ ಹಿಂದೆ ತಳ್ಳಾಟ ಶುರುವಾಗಿ, ಅವನನ್ನು ಹೆಗಲ ಮೇಲೆ ಹೊತ್ತು ಬಹಳ ಹೊತ್ತು ನಿಂತೆ. ಅವನಿಗೆ ಕಂಡದ್ದು ಅಂಬಾರಿಯ ತುದಿ, ನನಗೆ ಮುಂದಿನವರ ತಲೆ. ಅದೇ ಹೊತ್ತಿಗೆ ಅರಮನೆಯ ಆವರಣದಲ್ಲಿ ಪಾಸಿನವರಿಗೆ, ಸಾವಿರಾರು ರೂಪಾಯಿ ಕೊಟ್ಟು ಗೋಲ್ಡ್ ಕಾರ್ಡ್ ಕೊಂಡವರಿಗೆ ಕುರ್ಚಿ ಹಾಕಿದ್ದರು. ದಸರಾ ಹತ್ತಿರ ಬಂದರೆ ನಮ್ಮೂರಿನಲ್ಲಿ ಪಾಸಿನದೇ ಮಾತು. ಯಾರ ಭಾವನಿಗೆ ಯಾವ ಕಚೇರಿಯಲ್ಲಿ ಪರಿಚಯ, ಯಾರಿಗೆ ಎಷ್ಟು ಸಿಕ್ಕಿತು! ನಾಡಹಬ್ಬ ಎನ್ನುತ್ತೇವೆ, ನೋಡುವುದಕ್ಕೆ ವಶೀಲಿ ಹುಡುಕುತ್ತೇವೆ.

ಕೋಲ್ಕತ್ತದಲ್ಲಿ ಹಬ್ಬದ ಯಜಮಾನಿಕೆ ಕೇರಿಯದು. ಕೇರಿಗೊಂದು ಸಮಿತಿ, ಮನೆಮನೆಯ ಚಂದಾ, ಕುಮಾರ್ತುಲಿಯ ಕುಂಬಾರರ ಕೈಯಿಂದ ಬಂದ ಮಣ್ಣಿನ ದುರ್ಗೆ. ನೂರು ವರ್ಷ ದಾಟಿದ ಬಾಗ್‌ಬಜಾರಿನ ಪೂಜೆಯೂ ಸಾರ್ವಜನಿಕರದೇ. ಅಲ್ಲಿಗೆ ನಾವು ಹೋದಾಗ ರಾತ್ರಿ ಎರಡು ಗಂಟೆ. ಹಗ್ಗ ಹಿಡಿದು ಸಾಲು ನಡೆಸುತ್ತಿದ್ದವರು ಕೇರಿಯ ಹುಡುಗರು. ಹೊಸ ಸೀರೆಯುಟ್ಟ ಅಜ್ಜಿಯೊಬ್ಬರು ಮೊಮ್ಮಗಳ ತೋಳು ಹಿಡಿದು ಹೆಜ್ಜೆ ಹೆಜ್ಜೆಗೂ ನಿಂತು ಬರುತ್ತಿದ್ದರು. ಹಿಂದಿದ್ದ ಇಡೀ ಸಾಲು ಅವರ ನಡಿಗೆಗೆ ತಕ್ಕಂತೆ ನಿಧಾನವಾಯಿತು. ಆ ಹೊತ್ತಿನಲ್ಲೂ ಮೆಟ್ರೊ ಓಡುತ್ತಿತ್ತು. ನಮ್ಮಲ್ಲಿ ಎಂಬತ್ತರ ಅಜ್ಜಿ ದಸರೆಯನ್ನು ಟಿವಿಯಲ್ಲಿ ನೋಡುತ್ತಾರೆ.

ಗೆಳೆಯ ಒಪ್ಪಲಿಲ್ಲ. "ನಿಮ್ಮಲ್ಲಿ ಮೆರವಣಿಗೆ ಒಂದೇ. ಅರಮನೆಯಿಂದ ಬನ್ನಿಮಂಟಪಕ್ಕೆ ಐದು ಕಿಲೋಮೀಟರ್ ದಾರಿ, ಲಕ್ಷಗಟ್ಟಲೆ ಜನ. ಆನೆಗಳ ಹತ್ತಿರಕ್ಕೆ ಜನರನ್ನು ಬಿಡಲಾಗುತ್ತದೆಯೇ? ಇಲ್ಲಿ ದೇವಿ ಗಲ್ಲಿಗಲ್ಲಿಯಲ್ಲಿ ಕುಳಿತಿದ್ದಾಳೆ, ಜನ ಹಂಚಿಹೋಗುತ್ತಾರೆ." ಅವನ ಮಾತು ಸರಿ. ನನ್ನ ಸಂಕಟವೂ ಅದೇ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆ ಅರಮನೆಯದಾಗಿತ್ತು, ಆಮೇಲೆ ಸರ್ಕಾರದ್ದಾಯಿತು. ಅಂಬಾರಿಯಲ್ಲಿ ರಾಜರಿದ್ದ ಜಾಗಕ್ಕೆ ಚಾಮುಂಡೇಶ್ವರಿ ಬಂದಳು. ಜನ ಮಾತ್ರ ಅಂದಿನಂತೆ ರಸ್ತೆಯ ಬದಿಯಲ್ಲೇ ನಿಂತಿದ್ದಾರೆ. ನಮ್ಮದೆಂದು ಮಾಡುವ ದಸರೆಯೇನಿದ್ದರೂ ಮನೆಯೊಳಗೆ: ಬೊಂಬೆ ಕೂರಿಸಿ, ಗುರುತಿನವರನ್ನು ಕರೆದು ಅರಿಸಿನ ಕುಂಕುಮ ಕೊಟ್ಟರೆ ಮುಗಿಯಿತು. ಗುರುತಿಲ್ಲದವನನ್ನು ಕರೆದು ಊಟಕ್ಕೆ ಕೂರಿಸುವ ಬೀದಿ ದಸರೆಗೆ ಇಲ್ಲ. ಗಣಪತಿಗೆ ಇದೆ. ಚಂದಾ ಎತ್ತಿ, ಪೆಂಡಾಲು ಹಾಕಿ, ಪ್ರಸಾದ ಹಂಚುವುದು ನಮ್ಮ ಹುಡುಗರಿಗೂ ಗೊತ್ತು.

ಅಲ್ಲಿಯದೆಲ್ಲ ಚಿನ್ನವೇನಲ್ಲ, ಅದನ್ನೂ ಹೇಳಬೇಕು. ಹೆಸರಾದ ಪೆಂಡಾಲುಗಳಲ್ಲಿ ಗಣ್ಯರಿಗೆಂದು ಬೇರೆ ಬಾಗಿಲು, ಬೇರೆ ಪಾಸು ಇವೆ. ಜಾಹೀರಾತು ಫಲಕಗಳ ನಡುವೆ ಕೆಲವು ಕಡೆ ದೇವಿಯ ಬಾಗಿಲನ್ನೇ ಹುಡುಕಬೇಕಾಯಿತು. ಸಮಿತಿಗಳೂ ಚಂದಾ ಒಂದನ್ನೇ ನಂಬಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಒಂದೊಂದಕ್ಕೂ 85,000 ರೂಪಾಯಿ ಕೊಟ್ಟಿತು. ದೀಪ ಹಚ್ಚಿಕೊಂಡ ಮೈಸೂರು ಅರಮನೆಯ ಎದುರು ನಿಲ್ಲಿಸಬಹುದಾದ ಒಂದು ಪೆಂಡಾಲೂ ನನಗೆ ಸಿಗಲಿಲ್ಲ. ದೇವರಾಜ ಅರಸು ರಸ್ತೆಯಲ್ಲಿ ವಾಹನ ನಿಲ್ಲಿಸಿ ದಸರೆಗೆ ಬೀದಿ ಉತ್ಸವ ನಡೆಸಿದ್ದೂ ಉಂಟು. ಜನ ಕಿಕ್ಕಿರಿದು ಬಂದಿದ್ದರು.

ಹಾಗೆ ಬರುವ ಜನ ಇರುವಾಗ ಒಂದು ರಸ್ತೆಗೆ ಏಕೆ ನಿಲ್ಲಬೇಕು? ಅಗ್ರಹಾರ, ಸರಸ್ವತಿಪುರಂ, ಕುವೆಂಪುನಗರ, ಒಂದೊಂದು ಬಡಾವಣೆಯೂ ತನ್ನ ಬೊಂಬೆಗಳನ್ನು ಬೀದಿಗೆ ತಂದು ಕೂರಿಸಲಿ, ಬಂದವರಿಗೆ ಊಟ ಹಾಕಲಿ. ಸರ್ಕಾರ ಒಂಬತ್ತು ದಿನವೂ ರಾತ್ರಿಯಿಡೀ ಸಿಟಿ ಬಸ್ ಓಡಿಸಲಿ, ಅರಮನೆಯ ಪಾಸಿನ ಕುರ್ಚಿಗಳಲ್ಲಿ ಅರ್ಧವನ್ನು ವಯಸ್ಸಾದವರಿಗೂ ಮಕ್ಕಳಿಗೂ ಬಿಡಲಿ.